ಎರಡನೆಯ ಭಾಷೆಯಲ್ಲಿ ಯುದ್ಧಚರಿತ್ರೆ: ಮೈಸೂರು ಯುದ್ಧಗಳ ಇಂಗ್ಲಿಷ್ ಗ್ರಂಥಗಳು ಮತ್ತು ಕನ್ನಡ ಓದುಗ

ಕನ್ನಡ ನೆಲದ ಮೇಲೆ ನಡೆದ ದೊಡ್ಡ ಯುದ್ಧಗಳ ವಿಸ್ತಾರವಾದ ವೃತ್ತಾಂತಗಳು ಬಹುಮಟ್ಟಿಗೆ ಕನ್ನಡದಲ್ಲಿ ಇಲ್ಲ. 1520ರ ರಾಯಚೂರು ಕದನದ ಅತಿ ದೀರ್ಘವಾದ ವರ್ಣನೆ ಪೋರ್ಚುಗೀಸ್ ಭಾಷೆಯಲ್ಲಿದೆ. 1565ರಲ್ಲಿ ವಿಜಯನಗರದ ಗತಿಯನ್ನು ನಿರ್ಧರಿಸಿದ ರಕ್ಕಸಗಿ-ತಂಗಡಗಿ ಕದನದ ವಿವರಗಳಿಗೆ ಪಾರಸಿ ಚರಿತ್ರಕಾರರನ್ನು ಆಶ್ರಯಿಸಬೇಕಾಗುತ್ತದೆ. 1767ರಿಂದ 1799ರವರೆಗೆ ಮೈಸೂರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ನಾಲ್ಕು ಯುದ್ಧಗಳ ದಿನದಿನದ ದಾಖಲೆಯಂತೂ ಇಂಗ್ಲಿಷಿನಲ್ಲಿ ಗ್ರಂಥಗಟ್ಟಲೆ ಸಿಗುತ್ತದೆ. ಕನ್ನಡದಲ್ಲಿ ಏನೂ ಇಲ್ಲವೆಂದು ಇದರ ಅರ್ಥವಲ್ಲ. ಗೋವಿಂದ ವೈದ್ಯನ 'ಕಂಠೀರವ ನರಸರಾಜ ವಿಜಯ'ದಲ್ಲಿ ರಣದುಲ್ಲಾಖಾನನ ಶ್ರೀರಂಗಪಟ್ಟಣದ ಮುತ್ತಿಗೆಯ ಚಿತ್ರಣವಿದೆ, ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದಲ್ಲಿ ಇಕ್ಕೇರಿ ಅರಸರ ಕಾಳಗಗಳ ಕಥನವಿದೆ, 'ಹೈದರ್ ನಾಮೆ'ಯಂತಹ ಗದ್ಯಕೃತಿಯಿದೆ, ಲಾವಣಿಗಳಿವೆ. ಆದರೆ ಒಂದು ಸೇನೆ ಯಾವ ದಿನ ಎಲ್ಲಿ ಬೀಡುಬಿಟ್ಟಿತು, ಎತ್ತುಗಳು ಎಷ್ಟು ಸತ್ತವು, ಕೋಟೆಯ ಯಾವ ಭಾಗಕ್ಕೆ ಗುಂಡು ಹಾಕಿದರು ಎಂಬ ಬಗೆಯ ವಿವರವನ್ನು ಬಯಸುವ ಕನ್ನಡ ಓದುಗನು ತನ್ನ ಎರಡನೆಯ ಭಾಷೆಯಾದ ಇಂಗ್ಲಿಷಿಗೆ ಹೋಗದೆ ವಿಧಿಯಿಲ್ಲ.

ಹಾಗೆ ಹೋದವನು ಮೊದಲು ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾನೆ? ಮೇಲುನೋಟಕ್ಕೆ ಇದು ಗ್ರಂಥಾಲಯದ ಕಪಾಟಿನ ಮುಂದೆ ಹುಟ್ಟುವ ಸಣ್ಣ ಪ್ರಶ್ನೆ. ವಾಸ್ತವವಾಗಿ ಅದು ಇತಿಹಾಸದೃಷ್ಟಿಗೆ ಸಂಬಂಧಿಸಿದ ಪ್ರಶ್ನೆ. ಸಾಮಾನ್ಯವಾಗಿ ಓದುಗನು ಸುಲಭವಾದುದನ್ನು ಆರಿಸಿಕೊಳ್ಳುತ್ತಾನೆ. ಸುಲಭವಾದ ಪುಸ್ತಕವೇ ನಂಬಬಹುದಾದ ಪುಸ್ತಕವಾಗಿರಬೇಕೆಂಬ ನಿಯಮವೇನೂ ಇಲ್ಲ. ಪರಭಾಷೆಯಲ್ಲಿ ಓದುವಾಗ ಶಬ್ದಾರ್ಥದ ಕಡೆಗೆ ಗಮನ ಹರಿದಷ್ಟು ಬರೆದವನ ದನಿಯ ಕಡೆಗೆ ಹರಿಯುವುದಿಲ್ಲ. ತಾಯ್ನುಡಿಯಲ್ಲಾದರೆ ಒಂದು ವಾಕ್ಯದ ಕುಹಕ, ಅತಿಶಯೋಕ್ತಿ, ಜಾಣಮೌನಗಳು ಕಿವಿಗೆ ತಾನಾಗಿ ತಾಗುತ್ತವೆ. ಎರಡನೆಯ ಭಾಷೆಯಲ್ಲಿ ಅರ್ಥವಾಯಿತೆಂಬ ಸಂತೋಷವೇ ಒಪ್ಪಿಗೆಯಾಗಿ ಮಾರ್ಪಡುವ ಅಪಾಯವಿದೆ.

ಯುದ್ಧಚರಿತ್ರೆಯನ್ನು ಭಾಷಾಭ್ಯಾಸಕ್ಕೆ ಬಳಸುವ ಪದ್ಧತಿ ಹಳೆಯದು. ಯೂರೋಪಿನ ಶಾಲೆಗಳಲ್ಲಿ, ವಿಶೇಷವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ, ಲ್ಯಾಟಿನ್ ಕಲಿಯುವ ಹುಡುಗನು ವ್ಯಾಕರಣ ಮುಗಿಸಿದ ಕೂಡಲೇ ಓದುತ್ತಿದ್ದುದು ಜೂಲಿಯಸ್ ಸೀಸರ್‌ನ ಗಾಲ್ ಯುದ್ಧದ ಟಿಪ್ಪಣಿಗಳನ್ನು. ಗ್ರೀಕ್ ಕಲಿಯುವವನು ಕ್ಸೆನೊಫೋನ್‌ನ 'ಅನಾಬಸಿಸ್' ಅನ್ನು. ಈ ಆಯ್ಕೆಗೆ ಕಾರಣಗಳಿದ್ದವು. ಕ್ಸೆನೊಫೋನ್‌ನ ಕೃತಿ ಕ್ರಿ.ಪೂ. 401ರಲ್ಲಿ ಪರ್ಷಿಯದ ರಾಜಕುಮಾರ ಸೈರಸ್‌ನ ಕೂಲಿಸೈನಿಕರಾಗಿ ಹೋದ ಸುಮಾರು ಹತ್ತು ಸಾವಿರ ಗ್ರೀಕರ ನಡಿಗೆಯ ಕಥೆ. ಇಲ್ಲಿಂದ ಹೊರಟರು, ಇಷ್ಟು ಪರಸಂಗ ನಡೆದರು, ಇಂಥ ನದಿಗೆ ಬಂದರು ಎಂಬ ಅದೇ ವಾಕ್ಯಬಂಧ ಮತ್ತೆ ಮತ್ತೆ ಬರುತ್ತದೆ. ಹೊಸ ಭಾಷೆಯ ಓದುಗನಿಗೆ ಈ ಪುನರಾವೃತ್ತಿ ಬೇಸರವನ್ನು ತರುವುದಿಲ್ಲ, ಊರುಗೋಲಾಗುತ್ತದೆ. ಸೀಸರ್‌ನ ಗದ್ಯವೂ ಅಂತಹುದೇ. ಕ್ರಿ.ಪೂ. 58ರಿಂದ 52ರವರೆಗಿನ ದಂಡಯಾತ್ರೆಗಳನ್ನು ಏಳು ಭಾಗಗಳಲ್ಲಿ, ಮಿತವಾದ ಶಬ್ದಗಳಲ್ಲಿ, ಅಲಂಕಾರದ ಗೋಜಿಲ್ಲದೆ ಅವನು ಹೇಳುತ್ತಾನೆ. ಅವನ ರಾಜಕೀಯವನ್ನು ಒಪ್ಪದ ಸಿಸಿರೋ ಕೂಡ ಈ ಬರಹದ ನಿರಾಡಂಬರತೆಯನ್ನು ಮೆಚ್ಚಿಕೊಂಡಿದ್ದನು.

ಆದರೆ ಈ ಸರಳತೆಯ ಇನ್ನೊಂದು ಮುಖವನ್ನೂ ಗಮನಿಸಬೇಕು. ಸೀಸರ್ ತನ್ನನ್ನು ತಾನೇ ಪ್ರಥಮಪುರುಷದಲ್ಲಿ 'ಸೀಸರ್' ಎಂದು ಕರೆದುಕೊಳ್ಳುತ್ತಾನೆ. ಕಥೆ ಹೇಳುವವನು ಬೇರೆ ಯಾರೋ, ನಿಷ್ಪಕ್ಷಪಾತಿ ಎಂಬ ಭ್ರಮೆ ಇದರಿಂದ ಹುಟ್ಟುತ್ತದೆ. ಅಧಿಕಾರಕ್ಕಾಗಿ ಹೋರಾಡುತ್ತಿದ್ದ ಸೇನಾಪತಿಯೊಬ್ಬನು ತನ್ನ ಕೃತ್ಯಗಳನ್ನು ಸಮರ್ಥಿಸಿಕೊಂಡ ಬರಹವಿದು ಎಂಬ ಸಂಗತಿ, ವಿಭಕ್ತಿಪ್ರತ್ಯಯಗಳನ್ನು ಬಿಡಿಸುವುದರಲ್ಲಿ ಮಗ್ನನಾದ ವಿದ್ಯಾರ್ಥಿಗೆ ಹೊಳೆಯುವ ಸಂಭವ ಕಡಿಮೆ. ಗಾಲ್ ಜನರ ಪಕ್ಷದ ಲಿಖಿತ ವೃತ್ತಾಂತವಂತೂ ಉಳಿದೇ ಇಲ್ಲ. ತಲೆಮಾರುಗಳ ಫ್ರೆಂಚ್ ವಿದ್ಯಾರ್ಥಿಗಳು ತಮ್ಮ ನೆಲದ ಸೋಲಿನ ಕಥೆಯನ್ನು ಗೆದ್ದವನ ಭಾಷೆಯಲ್ಲಿ, ಗೆದ್ದವನ ಬಾಯಿಂದಲೇ ಕಲಿತರು.

ಭಾರತದಲ್ಲಿ ಇದರ ತಿರುವುಮುರುವಾದ ಒಂದು ಪ್ರಸಂಗವಿದೆ. 1812ರಲ್ಲಿ ಕಂಪನಿಯ ಬಂಗಾಳ ಸೇನೆಗೆ ಸೇರಿ 1860ರಲ್ಲಿ ನಿವೃತ್ತನಾದನೆಂದು ಹೇಳಲಾದ ಅವಧದ ಸಿಪಾಯಿ ಸೀತಾರಾಮನ ಆತ್ಮಕಥೆಯನ್ನು ನಾರ್ಗೇಟ್ ಎಂಬ ಅಧಿಕಾರಿ ಇಂಗ್ಲಿಷಿಗೆ ತಂದು 1873ರಲ್ಲಿ ಪ್ರಕಟಿಸಿದನು. ಮೂಲದ ಹಸ್ತಪ್ರತಿ ಸಿಕ್ಕಿಲ್ಲ. ಕೃತಿಯ ಪ್ರಾಮಾಣ್ಯದ ಬಗೆಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಟ್ ಅದನ್ನು ಉರ್ದುವಿಗೆ ತಂದ ಮೇಲೆ ಅದು ಉರ್ದು ಪರೀಕ್ಷೆಗೆ ಕುಳಿತುಕೊಳ್ಳುವ ಬ್ರಿಟಿಷ್ ಅಧಿಕಾರಿಗಳ ಪಠ್ಯವಾಯಿತು. ಸಿಪಾಯಿಯ ಮನಸ್ಸನ್ನು ತಿಳಿಯಲೆಂದು ಅವರು ಓದಿದ ಉರ್ದು, ಇಂಗ್ಲಿಷಿನಿಂದ ಅನುವಾದವಾದ ಉರ್ದು. ಆಳುವವರೂ ತಮ್ಮ ಎರಡನೆಯ ಭಾಷೆಯಲ್ಲಿ ತಮಗೆ ಹಿತವೆನಿಸುವ ಪುಸ್ತಕವನ್ನೇ ಆರಿಸಿಕೊಂಡಿದ್ದರೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ದೊರೆಯುವುದು ಕಷ್ಟ.

ಈ ಹಿನ್ನೆಲೆಯಲ್ಲಿ ಮೈಸೂರು ಯುದ್ಧಗಳ ಇಂಗ್ಲಿಷ್ ಗ್ರಂಥಗಳನ್ನು ನೋಡಬಹುದು. ಕಾಲಾನುಕ್ರಮದಲ್ಲಿ ಮೊದಲು ಬರುವವನು ರಾಬರ್ಟ್ ಆರ್ಮ್. ಹಿಂದುಸ್ತಾನದಲ್ಲಿ ಬ್ರಿಟಿಷರ ಸೈನಿಕ ವ್ಯವಹಾರಗಳನ್ನು ಕುರಿತ ಅವನ ಗ್ರಂಥದ ಮೊದಲ ಸಂಪುಟ 1763ರಲ್ಲಿ, ಎರಡನೆಯದು 1778ರಲ್ಲಿ ಹೊರಬಂದವು. 1750ರ ದಶಕದಲ್ಲಿ ದಳವಾಯಿ ನಂಜರಾಜಯ್ಯನು ತಿರುಚಿನಾಪಳ್ಳಿಯ ಮುಂದೆ ಮೈಸೂರಿನ ಬೊಕ್ಕಸವನ್ನು ಕರಗಿಸಿದ ವಿವರಗಳಿಗೆ ಆರ್ಮ್‌ನನ್ನು ನೋಡಲೇಬೇಕು. ಆದರೆ ಮೊದಲ ಓದಿಗೆ ಅವನು ತಕ್ಕವನಲ್ಲ. ಎರಡೆರಡು ದಿನಗಳ ಘಟನೆಗೆ ಒಂದೊಂದು ದೊಡ್ಡ ಪುಟವನ್ನು ಮೀಸಲಿಡುವ ಅವನ ಅತಿವಿವರವನ್ನು ಕಂಡು ಇಂಗ್ಲಿಷೇ ತಾಯ್ನುಡಿಯಾಗಿದ್ದ ಮೆಕಾಲೆಯೂ ಬೇಸತ್ತು ದೂರಿದ್ದಾನೆ.

ಮೂರನೆಯ ಮೈಸೂರು ಯುದ್ಧದ ಬಗೆಗೆ 1793ರಲ್ಲಿ ಮೇಜರ್ ಅಲೆಕ್ಸಾಂಡರ್ ಡೈರೋಮ್ ಬರೆದ ವೃತ್ತಾಂತ ಬೇರೆಯೇ ಜಾತಿಯದು. ಕನ್ನಡ ಓದುಗನು ಕಂಪನಿಯ ಕಾಲದ ಗ್ರಂಥವೊಂದರಿಂದ ಓದನ್ನು ಆರಂಭಿಸಬೇಕೆಂದಿದ್ದರೆ ಆರಿಸಬೇಕಾದದ್ದು ಇದನ್ನೇ. ಅದರ ವಸ್ತು ಮುಖ್ಯವಾಗಿ 1791-92ರ ಒಂದೇ ದಂಡಯಾತ್ರೆ. ಲೇಖಕನು ಸೇನೆಯ ಉಪ ಅಡ್ಜುಟೆಂಟ್ ಜನರಲ್ ಆಗಿದ್ದವನು. ತುಕಡಿಗಳ ಲೆಕ್ಕ, ನಡಿಗೆ, ದಾಸ್ತಾನುಗಳೇ ಅವನ ದಿನನಿತ್ಯದ ಕೆಲಸ. ಆದ್ದರಿಂದ ಅವನ ವಾಕ್ಯಗಳು ಉದ್ದವಾಗಿದ್ದಾಗಲೂ ದಾರಿ ತಪ್ಪುವುದಿಲ್ಲ. ಜೊತೆಗೆ ನಕ್ಷೆಗಳಿವೆ. ಪರಭಾಷೆಯ ಯುದ್ಧಚರಿತ್ರೆಯನ್ನು ಓದುವವನಿಗೆ ಶಬ್ದಕೋಶಕ್ಕಿಂತ ನಕ್ಷೆ ಹೆಚ್ಚು ಉಪಕಾರಿ. ಟಿಪ್ಪುವಿನ ಬಗೆಗೆ ಡೈರೋಮ್‌ಗೆ ಪ್ರೀತಿಯೇನೂ ಇಲ್ಲ. ಆದರೂ ಎದುರಾಳಿಯ ಕೋಟೆಯನ್ನು, ಸೇನಾವ್ಯವಸ್ಥೆಯನ್ನು ವೃತ್ತಿಪರನ ಕಣ್ಣಿನಿಂದ ಅಳೆಯುವ ಅಭ್ಯಾಸ ಅವನಲ್ಲಿದೆ. ಬೈಗುಳಕ್ಕಿಂತ ಅಳತೆ ಹೆಚ್ಚು.

ಡೈರೋಮ್ ಮತ್ತು ಅವನ ಸಮಕಾಲೀನರ ಪುಸ್ತಕಗಳಲ್ಲಿ ಕನ್ನಡ ಓದುಗನಿಗೆ ಎದುರಾಗುವ ಮೊದಲ ತೊಡಕು ಊರಿನ ಹೆಸರುಗಳದು. 'ಸಾವೆನ್‌ಡ್ರೂಗ್' ಎಂದರೆ ಸಾವನದುರ್ಗ, 'ಔಟ್ರಾಡ್ರೂಗ್' ಎಂದರೆ ಹುತ್ರಿದುರ್ಗ, 'ನಂಡಿಡ್ರೂಗ್' ಎಂದರೆ ನಂದಿದುರ್ಗ, 'ಕ್ಯಾರಿಘಾಟ್' ಎಂದರೆ ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ. ಮೊದಲಿಗೆ ಇವು ಕಗ್ಗಂಟಾಗಿ ಕಾಣುತ್ತವೆ. ಆದರೆ ಬಾಯಿಬಿಟ್ಟು ಗಟ್ಟಿಯಾಗಿ ಓದಿದಾಗ ಕಣ್ಣಿಗೆ ಕಾಣದ ಊರು ಕಿವಿಗೆ ಸಿಗುತ್ತದೆ. ಇಂಗ್ಲಿಷ್ ಅಧಿಕಾರಿಯು ಕೇಳಿದಂತೆ ಬರೆದುಕೊಂಡ ಹೆಸರುಗಳಾದ್ದರಿಂದ ಅವುಗಳಲ್ಲಿ ಹದಿನೆಂಟನೆಯ ಶತಮಾನದ ಜನರ ಉಚ್ಚಾರಣೆಯ ಛಾಯೆಯೂ ಕೆಲವೊಮ್ಮೆ ಉಳಿದಿರುತ್ತದೆ. 'ಪೆಟ್ಟಾ' ಎಂದರೆ ಪೇಟೆ, 'ಪಾಲಿಗಾರ್' ಎಂದರೆ ಪಾಳೆಯಗಾರ, 'ಬ್ರಿಂಜಾರಿ' ಎಂದರೆ ಧಾನ್ಯವನ್ನು ಎತ್ತುಗಳ ಮೇಲೆ ಹೇರಿಕೊಂಡು ಸೇನೆಗಳಿಗೆ ಒದಗಿಸುತ್ತಿದ್ದ ಬಂಜಾರರು, ನಾವಿಂದು ಲಂಬಾಣಿಗಳೆನ್ನುವವರು. ಲಂಡನ್ನಿನ ಓದುಗನಿಗೆ ಅಡಿಟಿಪ್ಪಣಿಯ ಅಗತ್ಯವಿದ್ದ ಇಂತಹ ಶಬ್ದಗಳು ಕನ್ನಡಿಗನಿಗೆ ಮನೆಮಾತು. ಭಾಷೆಯಲ್ಲಿ ಹೊರಗಿನವನಾದ ಓದುಗನು ನೆಲದ ಮಟ್ಟಿಗೆ ಒಳಗಿನವನು. ಈ ಅನುಕೂಲವನ್ನು ಅವನು ಬಿಟ್ಟುಕೊಡಬಾರದು.

ಒಂದು ಉದಾಹರಣೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದು, 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಮೇಲುಗೈ ಸಾಧಿಸಿಯೂ, ಮುತ್ತಿಗೆ ಹಾಕಲಾರದೆ ಹಿಂದಿರುಗಿದನು. ಭಾರಿ ಫಿರಂಗಿಗಳನ್ನು ಎಳೆಯಲು ಎತ್ತುಗಳಿಲ್ಲದೆ ಅವುಗಳನ್ನು ತಾನೇ ನಾಶಪಡಿಸಿದನು. ಪರಶುರಾಮ ಭಾವು ಮತ್ತು ಹರಿಪಂತರ ಮರಾಠಾ ಸೇನೆ ಅವನನ್ನು ಕೂಡಿಕೊಂಡದ್ದು ಹಿಮ್ಮೆಟ್ಟುವಿಕೆ ಆರಂಭವಾದ ಮೇಲೆ. ಗೆದ್ದ ಸೇನೆ ಏಕೆ ಹಿಂದಿರುಗಿತು ಎಂಬುದು ಇಂಗ್ಲೆಂಡಿನ ಓದುಗನಿಗೆ ಒಗಟಾಗಿ ಕಂಡಿರಬೇಕು. ಮುಂಗಾರು ಕಟ್ಟುವ ಹೊತ್ತಿನಲ್ಲಿ ಕಾವೇರಿಯ ದಡದ ಮಣ್ಣು ಹೇಗಿರುತ್ತದೆ, ಹಿಂದುಮುಂದಿನ ಹಳ್ಳಿಗಳ ಮೇವನ್ನು ಸುಟ್ಟ ಮೇಲೆ ಉಳುವ ಎತ್ತಿನ ಗತಿಯೇನು ಎಂಬುದನ್ನು ಬಲ್ಲ ಮಂಡ್ಯದ ರೈತನಿಗೆ ಅದು ಒಗಟಲ್ಲ. ಪುಸ್ತಕದ ಅರ್ಧ ಅರ್ಥ ಇಂಗ್ಲಿಷಿನಲ್ಲಿದ್ದರೆ ಇನ್ನರ್ಧ ಆ ದಾರಿಯಲ್ಲೇ ಇದೆ.

ನಾಲ್ಕನೆಯ ಯುದ್ಧಕ್ಕೆ ಬಂದರೆ ಅಲೆಕ್ಸಾಂಡರ್ ಬೀಟ್‌ಸನ್ 1800ರಲ್ಲಿ ಪ್ರಕಟಿಸಿದ ಗ್ರಂಥವಿದೆ. ಶ್ರೀರಂಗಪಟ್ಟಣದ ಪತನವಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಬಂದ ಪುಸ್ತಕ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಆಪ್ತನಾಗಿದ್ದವನ ಪುಸ್ತಕ. ಯುದ್ಧದ ಕಾರಣಗಳನ್ನು ಕುರಿತ ಅದರ ಭಾಗವು ಕಂಪನಿಯ ನಿರ್ಧಾರದ ಸಮರ್ಥನೆ ಎಂದೇ ತಿಳಿದು ಓದಬೇಕು. ಆದರೆ ಬೀಟ್‌ಸನ್ ಸೇನೆಯ ಸರ್ವೇಕ್ಷಣಾಧಿಕಾರಿಯೂ ಆಗಿದ್ದನು. 1799ರ ಏಪ್ರಿಲ್‌ನಿಂದ ಮೇ 4ರವರೆಗೆ ಮುತ್ತಿಗೆ ಮುಂದುವರಿದ ಕ್ರಮವನ್ನು ವಿವರಿಸುವಾಗ ಅವನು ನಂಬಿಕೆಗೆ ಅರ್ಹ. ಇಲ್ಲಿ ತೊಡಕು ಪಾರಿಭಾಷಿಕ ಶಬ್ದಗಳದು. ಗ್ಲಾಸಿಸ್, ರ್‍ಯಾವೆಲಿನ್, ಎನ್‌ಫಿಲೇಡ್ ಮುಂತಾದವು ಇಂಗ್ಲಿಷರೂ ಫ್ರೆಂಚರಿಂದ ಎರವಲು ತಂದವು. ಅವುಗಳ ಮುಂದೆ ಇಂಗ್ಲಿಷ್ ಓದುಗನೂ ಪರದೇಶಿಯೇ. ಹೀಗಾಗಿ ಕನ್ನಡ ಓದುಗನು ಸಂಕೋಚಪಡಬೇಕಾದ ಕಾರಣವಿಲ್ಲ. ಇಪ್ಪತ್ತು-ಮೂವತ್ತು ಶಬ್ದಗಳನ್ನು ಕೋಟೆಯ ಚಿತ್ರವೊಂದರ ಸಹಾಯದಿಂದ ಒಮ್ಮೆ ತಿಳಿದುಕೊಂಡರೆ ಅಂಥ ಹತ್ತು ಪುಸ್ತಕಗಳಿಗೆ ಸಾಕಾಗುತ್ತದೆ. ಬುರುಜು, ಕೊತ್ತಲ, ಅಗಳು, ಅಲಂಗ, ದಿಡ್ಡಿ ಎಂಬ ನಮ್ಮ ಶಬ್ದಗಳು ಅವುಗಳಿಗೆ ಎಲ್ಲೆಡೆ ಸಮನಾಗುವುದಿಲ್ಲ. ಆದರೆ ಎಲ್ಲಿ ಸಮನಾಗುವುದಿಲ್ಲ ಎಂದು ಗುರುತಿಸುವುದರಿಂದಲೇ ಎರಡು ಕೋಟೆಪದ್ಧತಿಗಳ ಅಂತರ ತಿಳಿಯುತ್ತದೆ.

ಮೈಸೂರಿನ ಇತಿಹಾಸವೆಂದರೆ ಮಾರ್ಕ್ ವಿಲ್ಕ್ಸ್ ಎಂಬಷ್ಟು ಪ್ರಭಾವ ಬೀರಿದ ಗ್ರಂಥ 'ಹಿಸ್ಟಾರಿಕಲ್ ಸ್ಕೆಚಸ್ ಆಫ್ ದಿ ಸೌತ್ ಆಫ್ ಇಂಡಿಯಾ'. ಮೊದಲ ಸಂಪುಟ 1810ರಲ್ಲಿ, ಉಳಿದೆರಡು 1817ರಲ್ಲಿ ಪ್ರಕಟವಾದವು. ವಿಲ್ಕ್ಸ್ ಮದರಾಸು ಸೇನೆಯ ಅಧಿಕಾರಿ. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನ ಹೊಣೆ ಹೊತ್ತಿದ್ದವನು. ದಿವಾನ್ ಪೂರ್ಣಯ್ಯನ ಸಮಕಾಲೀನ. (ಬೀಟ್‌ಸನ್ ಮತ್ತು ವಿಲ್ಕ್ಸ್ ಇಬ್ಬರೂ ಒಬ್ಬರ ನಂತರ ಒಬ್ಬರು ಸೇಂಟ್ ಹೆಲೆನಾ ದ್ವೀಪದ ಗವರ್ನರುಗಳಾದರು. 1815ರಲ್ಲಿ ನೆಪೋಲಿಯನ್ ಬಂದಿಯಾಗಿ ಅಲ್ಲಿಗೆ ಬಂದಾಗ ಇದ್ದವನು ವಿಲ್ಕ್ಸ್.) ಸ್ಥಳೀಯ ದಾಖಲೆಗಳನ್ನು, ಯುದ್ಧಗಳನ್ನು ಕಂಡವರ ಮಾತುಗಳನ್ನು ಬಳಸಿಕೊಂಡದ್ದರಲ್ಲಿ ಅವನಿಗೆ ಅವನ ಕಾಲದಲ್ಲಿ ಸಾಟಿಯಿಲ್ಲ. ಮದರಾಸು ಸರಕಾರದ ಮೂರ್ಖತನವನ್ನು ಅವನು ಮುಚ್ಚಿಡುವುದಿಲ್ಲ. ಟಿಪ್ಪುವಿನ ಬಗೆಗೆ ಮಾತ್ರ ಅವನ ಲೇಖನಿ ತೀರ ಕಹಿ.

ಎರಡನೆಯ ಭಾಷೆಯ ಓದುಗನಿಗೆ ವಿಲ್ಕ್ಸ್ ಎರಡು ಬಗೆಯಲ್ಲಿ ಕಠಿಣ. ಅವನ ವಾಕ್ಯಗಳು ಉಪವಾಕ್ಯಗಳ ಭಾರದಿಂದ ಅರ್ಧ ಪುಟದವರೆಗೆ ಹಬ್ಬುತ್ತವೆ. ಇದು ತಾಳ್ಮೆಯಿಂದ ಪರಿಹಾರವಾಗುವ ಕಷ್ಟ. ಅವನ ವ್ಯಂಗ್ಯ ಹಾಗಲ್ಲ. ಮೆಚ್ಚುಗೆಯಂತೆ ಕಾಣುವ ಮಾತಿನೊಳಗೆ ಚುಚ್ಚುಮಾತನ್ನು ಅಡಗಿಸುವುದು ಅವನಿಗೆ ಸಹಜವಾದ ರೀತಿ. ಅವಸರದ ಓದುಗನು ವಿಲ್ಕ್ಸ್ ಹೊಗಳುತ್ತಿದ್ದಾನೆಂದು ತಿಳಿಯುವ ಪುಟಗಳಿವೆ. ಇದಕ್ಕಿಂತ ಅಪಾಯಕಾರಿಯಾದವು ಅವನ ಅಚ್ಚುಕಟ್ಟಾದ ಚಿಕ್ಕ ವಾಕ್ಯಗಳು. ಹೈದರನು ರಾಜ್ಯ ಕಟ್ಟಲು ಹುಟ್ಟಿದವನು, ಟಿಪ್ಪು ಕಳೆಯಲು ಹುಟ್ಟಿದವನು ಎಂಬರ್ಥದ ತಕ್ಕಡಿಯಂತಹ ಮಾತು ಅವನ ಗ್ರಂಥದ ಮೂಲಕವೇ ಪ್ರಸಿದ್ಧವಾಯಿತು. ಕಷ್ಟಪಟ್ಟು ಓದಿದ ಮುನ್ನೂರು ಪುಟಗಳಲ್ಲಿ ಮನಸ್ಸಿನಲ್ಲಿ ನಿಲ್ಲುವುದು ಇಂಥದೊಂದು ವಾಕ್ಯ, ಏಕೆಂದರೆ ಅದು ಸುಲಭವಾಗಿ ಬಾಯಿಗೆ ಬರುತ್ತದೆ. ಪಠ್ಯಪುಸ್ತಕಗಳಿಗೆ, ಪರೀಕ್ಷೆಯ ಉತ್ತರಗಳಿಗೆ, ಕೊನೆಗೆ ಕನ್ನಡದ ಭಾಷಣಗಳಿಗೆ ಅದು ಸಾಗಿದ ದಾರಿ ಇದೇ. 'ಯೂಸರ್ಪರ್', 'ಟೈರಂಟ್' ಎಂಬ ವಿಶೇಷಣಗಳ ಗತಿಯೂ ಹಾಗೆಯೇ. ಆ ಶಬ್ದಗಳನ್ನು ಮೊದಲ ಬಾರಿಗೆ ಈ ಗ್ರಂಥಗಳಲ್ಲೇ ಕಲಿತವನಿಗೆ ಹೈದರನೇ ಒಂದರ ಅರ್ಥ, ಟಿಪ್ಪುವೇ ಇನ್ನೊಂದರ ಅರ್ಥ. ವಿಶೇಷಣವನ್ನು ವ್ಯಕ್ತಿಯಿಂದ ಬಿಡಿಸಿ ನೋಡುವ ಅವಕಾಶವೇ ಅವನಿಗೆ ದೊರೆತಿರುವುದಿಲ್ಲ. ವಿಲ್ಕ್ಸ್‌ನನ್ನು ಓದದೆ ಗತ್ಯಂತರವಿಲ್ಲ. ಆದರೆ ಅವನನ್ನು ಮೂರನೆಯವನಾಗಿಯೋ ನಾಲ್ಕನೆಯವನಾಗಿಯೋ ಓದುವುದು ಲೇಸು. ಮರ್ರೆ ಹ್ಯಾಮಿಕ್ ಟಿಪ್ಪಣಿಗಳೊಡನೆ ಸಂಪಾದಿಸಿ 1930ರಲ್ಲಿ ಮೈಸೂರಿನಲ್ಲೇ ಅಚ್ಚಾದ ಎರಡು ಸಂಪುಟಗಳ ಆವೃತ್ತಿ ಅದಕ್ಕೆ ಅನುಕೂಲವಾದದ್ದು.

ಇನ್ನು ಭಾಷೆಯ ದೃಷ್ಟಿಯಿಂದ ಎಲ್ಲಕ್ಕಿಂತ ಸುಲಭವಾದ ಪುಸ್ತಕಗಳು ಸೆರೆಯಾಳುಗಳ ಕಥನಗಳು. ಹೈದರ್ ಮತ್ತು ಟಿಪ್ಪುವಿನ ಸೆರೆಯಲ್ಲಿದ್ದು ಪಾರಾದ ಜೇಮ್ಸ್ ಬ್ರಿಸ್ಟೋ 1793ರಲ್ಲಿ ತನ್ನ ಪಾಡನ್ನು ಪ್ರಕಟಿಸಿದನು. ಹುಡುಗನಾಗಿದ್ದಾಗ ಫ್ರೆಂಚರ ಕೈಗೆ ಸಿಕ್ಕಿ ಅವರಿಂದ ಮೈಸೂರಿಗೆ ಒಪ್ಪಿಸಲ್ಪಟ್ಟ ನಾವಿಕ ಜೇಮ್ಸ್ ಸ್ಕರಿಯ ಕಥನ 1824ರಲ್ಲಿ ಬಂದಿತು. ಇವರು ಹೆಚ್ಚು ಓದಿದವರಲ್ಲ. ಹಸಿವು, ಸಂಕೋಲೆ, ಭಯ, ಪಲಾಯನ ಎಂದು ಕಥೆ ನೇರವಾಗಿ ಸಾಗುತ್ತದೆ. ಒಂದು ರಾತ್ರಿಯಲ್ಲಿ ಓದಿ ಮುಗಿಸಬಹುದು. ಯುದ್ಧವನ್ನು ಸೇನಾಪತಿಯ ಗುಡಾರದಿಂದ ನೋಡದೆ ಸೆರೆಮನೆಯ ನೆಲದಿಂದ ನೋಡುವುದರಿಂದ ಇವುಗಳಿಗೆ ನಿಜವಾದ ಬೆಲೆಯಿದೆ. ಆದರೆ ಇಂಥ ಕಥನಗಳು ಮಾರಾಟವಾದದ್ದು ಮೈಸೂರಿನ ವಿರುದ್ಧ ಇಂಗ್ಲೆಂಡಿನ ಜನಾಭಿಪ್ರಾಯ ಕುದಿಯುತ್ತಿದ್ದ ಕಾಲದ ಮಾರುಕಟ್ಟೆಯಲ್ಲಿ. ಲಿಂಡಾ ಕಾಲಿ ಅವರ 'ಕ್ಯಾಪ್ಟಿವ್ಸ್' (2002) ಈ ಬಗೆಯ ಬರಹಗಳು ಹುಟ್ಟಿದ ಸಂದರ್ಭವನ್ನು ಬಿಡಿಸಿ ತೋರಿಸಿದೆ. ಕಾಲಿ ಅವರನ್ನು ಮೊದಲು ಓದಿ ಸ್ಕರಿಯನ್ನು ಆಮೇಲೆ ಓದಿದವನು ಅವನ ದುಃಖವನ್ನು ನಂಬುತ್ತಾನೆ, ಅವನ ಎಲ್ಲ ಮಾತುಗಳನ್ನೂ ನಂಬುವುದಿಲ್ಲ.

ಒಂದೇ ಘಟನೆಯನ್ನು ಹಲವರಲ್ಲಿ ಓದುವುದು ಇದಕ್ಕೆ ಉತ್ತಮವಾದ ಪರಿಹಾರ. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನ ಅದಕ್ಕೆ ತಕ್ಕದ್ದು. ಕಾಂಚೀಪುರದ ಕಡೆಗೆ ಬರುತ್ತಿದ್ದ ಕರ್ನಲ್ ವಿಲಿಯಂ ಬೈಲಿಯ ಮೂರೂವರೆ ಸಾವಿರಕ್ಕೂ ಮಿಕ್ಕ ಸೈನಿಕರ ದಳವನ್ನು ಟಿಪ್ಪು ಮತ್ತು ಹೈದರ್ ಸುತ್ತುವರಿದು ನಾಶಮಾಡಿದರು. ಮದ್ದಿನ ಬಂಡಿಗಳು ಸಿಡಿದವು. ಬೈಲಿ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ 1782ರಲ್ಲಿ ಸತ್ತನು. ಸಮೀಪದಲ್ಲೇ ಇದ್ದ ಸರ್ ಹೆಕ್ಟರ್ ಮನ್ರೋ ನೆರವಿಗೆ ಹೋಗದೆ, ಭಾರಿ ಫಿರಂಗಿಗಳನ್ನು ಕಾಂಚಿಯ ಕೆರೆಗೆ ಎಸೆದು ಹಿಮ್ಮೆಟ್ಟಿದನು. ಹೊಸ ಓದುಗನು ಇಲ್ಲಿ ಎರಡು ಕಡೆ ಎಡವುವುದುಂಟು: ಇದೇ ಸ್ಥಳದಲ್ಲಿ ಮರುವರ್ಷದ ಆಗಸ್ಟ್ 27ರಂದು ಕೂಟ್ ನಡೆಸಿದ ಇನ್ನೊಂದು ಕದನವಿದೆ, ಹೆಕ್ಟರ್ ಮನ್ರೋ ಬೇರೆ, ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಮನ್ರೋ ಬೇರೆ. ಮನ್ರೋನ ನಿಷ್ಕ್ರಿಯತೆಯನ್ನು ಒಬ್ಬನು ದೈವಗತಿಯೆಂದರೆ ಇನ್ನೊಬ್ಬನು ತಪ್ಪೆನ್ನುತ್ತಾನೆ. ಮದ್ದಿನ ಬಂಡಿ ಸಿಡಿದದ್ದನ್ನು ಒಬ್ಬನು ಸೋಲಿನ ಕಾರಣವಾಗಿ ಮಾಡಿದರೆ ಇನ್ನೊಬ್ಬನು ಮೈಸೂರಿನ ಕುದುರೆದಳ, ಫಿರಂಗಿಗಳ ಹೊಂದಾಣಿಕೆಗೆ ಮಹತ್ವ ಕೊಡುತ್ತಾನೆ. ಆಕಸ್ಮಿಕದಿಂದ ಸೋತೆವೆಂದು ಹೇಳುವ ಸೇನೆ ಎದುರಾಳಿಯ ಸಾಮರ್ಥ್ಯವನ್ನು ಒಪ್ಪಿಕೊಳ್ಳಬೇಕಾಗಿ ಬರುವುದಿಲ್ಲ.

ಈ ಕದನದ ವಿಷಯದಲ್ಲಿ ಯಾವ ಭಾಷೆಯೂ ಬೇಡದ ವೃತ್ತಾಂತವೊಂದು ನಮ್ಮಲ್ಲೇ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಸುತ್ತುವರಿಯಲ್ಪಟ್ಟ ಚೌಕಾಕಾರದ ದಳ, ಅದರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ನಿರಾತಂಕವಾಗಿ ಆನೆ-ಕುದುರೆಗಳ ಮೇಲೆ ಸಾಗುವ ಮೈಸೂರಿನವರು ಕಾಣುತ್ತಾರೆ. ಗೆದ್ದವರು ಹೇಳಿಸಿದ ಕಥೆಯಾದ್ದರಿಂದ ಅದೂ ಪಕ್ಷಪಾತಿಯೇ. ಅಷ್ಟೇ ಅಲ್ಲ, ಸುಣ್ಣದ ಬಳಿತಕ್ಕೆ ಸಿಕ್ಕಿ ಮಾಸಿದ್ದ ಆ ಚಿತ್ರವನ್ನು 1799ರ ನಂತರ ಅಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಒಮ್ಮೆ, ಆಮೇಲೆ ಡಾಲ್‌ಹೌಸಿ ಇನ್ನೊಮ್ಮೆ ಸರಿಪಡಿಸಿದರು. ಗೋಡೆಗೂ ಸಂಪಾದಕರು ಇದ್ದರು.

ಮೈಸೂರಿನ ಪಕ್ಷದ ಲಿಖಿತ ದನಿಯನ್ನು ಕೇಳಬೇಕೆಂದರೆ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪಾರಸಿ ಕೃತಿ 'ನಿಶಾನ್-ಇ-ಹೈದರಿ'ಗೆ ಹೋಗಬೇಕು. ಕರ್ನಲ್ ಮೈಲ್ಸ್‌ನ ಇಂಗ್ಲಿಷ್ ಅನುವಾದ ಹೈದರನ ಭಾಗಕ್ಕೆ 1842ರಲ್ಲಿ, ಟಿಪ್ಪುವಿನ ಭಾಗಕ್ಕೆ 1864ರಲ್ಲಿ ಬಂದಿತು. ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೆತ್ರ್ ದ ಲಾ ತೂರ್ 1783ರಲ್ಲಿ ಬರೆದ ಚರಿತ್ರೆಯೂ ಮರುವರ್ಷವೇ ಇಂಗ್ಲಿಷಿಗೆ ಬಂದಿದೆ. ಇಲ್ಲಿ ಕನ್ನಡ ಓದುಗನ ಎರಡನೆಯ ಭಾಷೆ ಬೇರೊಬ್ಬರ ಭಾಷೆಗೆ ಕಿಟಕಿ ಮಾತ್ರ. ಪಾರಸಿಯ ಅತಿಶಯೋಕ್ತಿಗಳು ವಿಕ್ಟೋರಿಯಾ ಕಾಲದ ಇಂಗ್ಲಿಷಿನಲ್ಲಿ ಕೆಲವೆಡೆ ಹಾಸ್ಯಾಸ್ಪದವಾಗಿ ಕಾಣುತ್ತವೆ. ಮೂಲದಲ್ಲಿ ಅವು ಹಾಸ್ಯಾಸ್ಪದವಲ್ಲ, ಆಸ್ಥಾನದ ಗದ್ಯದ ಸಾಮಾನ್ಯ ಮರ್ಯಾದೆ. ಕನ್ನಡದ ಚಂಪೂಕಾವ್ಯಗಳ ಯುದ್ಧವರ್ಣನೆಯ ಪರಿಚಯವಿರುವವನು ಇದನ್ನು ಇಂಗ್ಲಿಷ್ ಓದುಗನಿಗಿಂತ ಬೇಗ ಅರಿಯುತ್ತಾನೆ.

1893ರಲ್ಲಿ 'ರೂಲರ್ಸ್ ಆಫ್ ಇಂಡಿಯಾ' ಮಾಲೆಯಲ್ಲಿ ಬಂದ ಲೂಯಿನ್ ಬೌರಿಂಗ್‌ನ ಪುಸ್ತಕವನ್ನು ಅದು ಚಿಕ್ಕದು ಎಂಬ ಕಾರಣಕ್ಕೆ ಅನೇಕರು ಮೊದಲು ಓದಿದ್ದಾರೆ. ಚಿಕ್ಕದೇನೋ ಹೌದು, ಆದರೆ ಅದು ಬಹುಮಟ್ಟಿಗೆ ವಿಲ್ಕ್ಸ್‌ನನ್ನು ನುಣುಪು ಮಾಡಿ ಕೊಟ್ಟ ಪುಸ್ತಕ. ವಿಲ್ಕ್ಸ್‌ನಲ್ಲಿ ಅನುಮಾನಗಳು ಉಳಿದಿರುವ ಕಡೆ ಇಲ್ಲಿ ತೀರ್ಮಾನಗಳು ಮಾತ್ರ ಉಳಿದಿವೆ. ಅದಕ್ಕಿಂತ ಇಪ್ಪತ್ತನೆಯ ಶತಮಾನದ ಭಾರತೀಯ ವಿದ್ವಾಂಸರ ಇಂಗ್ಲಿಷ್ ಗ್ರಂಥಗಳು ಕನ್ನಡ ಓದುಗನಿಗೆ ಹೆಚ್ಚು ಹತ್ತಿರ. ನರೇಂದ್ರ ಕೃಷ್ಣ ಸಿನ್ಹಾ ಅವರ 'ಹೈದರ್ ಅಲಿ' (1941), ಮೊಹಿಬ್ಬುಲ್ ಹಸನ್ ಅವರ 'ಹಿಸ್ಟರಿ ಆಫ್ ಟಿಪ್ಪು ಸುಲ್ತಾನ್' (1951), ಮೈಸೂರಿನವರೇ ಆದ ಬಿ. ಷೇಕ್ ಅಲಿ ಅವರ ಅಧ್ಯಯನಗಳು ಈ ಸಾಲಿನವು. ಇವರೆಲ್ಲರಿಗೂ ಇಂಗ್ಲಿಷ್ ಎರಡನೆಯ ಭಾಷೆಯೇ ಆಗಿತ್ತೆಂಬುದು ಗಮನಾರ್ಹ. ಇವರ ವಾಕ್ಯಗಳಲ್ಲಿ ಬೆಡಗು ಕಡಿಮೆ, ನುಡಿಗಟ್ಟುಗಳ ಚಮತ್ಕಾರ ಕಡಿಮೆ. ಆದ್ದರಿಂದಲೇ ಅರ್ಥ ಜಾರಿಹೋಗುವುದೂ ಕಡಿಮೆ. ಹಸನ್ ಅವರು ಟಿಪ್ಪುವಿನ ಪರವಾಗಿ ವಾದಿಸುತ್ತಾರೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ವಾದಿಸುವಾಗ ಎದುರು ಪಕ್ಷದ ಹೇಳಿಕೆಯನ್ನು ಮೊದಲು ಮುಂದಿಟ್ಟು ಆಮೇಲೆ ಖಂಡಿಸುವ ಪದ್ಧತಿ ಅವರದು. ಪೂರ್ವಪಕ್ಷ-ಸಿದ್ಧಾಂತಗಳ ಕ್ರಮ ಬಲ್ಲ ಓದುಗನಿಗೆ ಇದು ಪರಿಚಿತವಾದ ಹಾದಿ. ಡೆನಿಸ್ ಫಾರೆಸ್ಟ್‌ನ 'ಟೈಗರ್ ಆಫ್ ಮೈಸೂರ್' (1970) ಇವೆಲ್ಲಕ್ಕಿಂತ ಸ್ವಾರಸ್ಯವಾಗಿ ಓದಿಸಿಕೊಳ್ಳುತ್ತದೆ. ಹಸನ್ ಅವರ ಒಂದು ಅಧ್ಯಾಯ, ಅದೇ ಘಟನೆಗೆ ಫಾರೆಸ್ಟ್‌ನ ಒಂದು ಅಧ್ಯಾಯ ಎಂದು ಜೋಡಿಸಿ ಓದಿ, ಆಮೇಲೆ ಡೈರೋಮ್‌ನ ನಕ್ಷೆಗಳ ಬಳಿಗೆ, ಕೊನೆಯಲ್ಲಿ ವಿಲ್ಕ್ಸ್‌ನ ಬಳಿಗೆ ಹೋಗುವುದು ಅನುಸರಿಸಲು ಯೋಗ್ಯವಾದ ಕ್ರಮ. ಕಾಲಾನುಕ್ರಮಕ್ಕೆ ಇದು ತೀರ ವಿರುದ್ಧವೆಂಬುದು ನಿಜ. ಸಂಶೋಧಕನು ಆಕರದಿಂದ ಹೊ಼ರಡಬೇಕು. ಓದುಗನಿಗೆ ಆ ಕಟ್ಟುಪಾಡಿಲ್ಲ.

ಮೈಸೂರಿನಾಚೆಗೆ, ಕರ್ನಾಟಕದ ಯುದ್ಧಚರಿತ್ರೆಗೆ ಪ್ರವೇಶ ಬಯಸುವವನಿಗೆ ರಾಬರ್ಟ್ ಸೀವೆಲ್‌ನ 'ಎ ಫರ್ಗಾಟನ್ ಎಂಪೈರ್' (1900) ಇಂದಿಗೂ ಒಳ್ಳೆಯ ಬಾಗಿಲು. ವಿಜಯನಗರವನ್ನು ಧರ್ಮರಕ್ಷಣೆಯ ಕೋಟೆಯೆಂದು ಮಾತ್ರ ಕಂಡ ಅವನ ಚೌಕಟ್ಟನ್ನು ಬರ್ಟನ್ ಸ್ಟೈನ್ ಮೊದಲಾದವರು ಒಪ್ಪಿಲ್ಲ. ಕೃಷ್ಣದೇವರಾಯನ ರಾಯಚೂರು ವಿಜಯದಲ್ಲಿ ಫಿರಂಗಿ-ಬಂದೂಕುಗಳ ಪಾತ್ರವೇನೆಂಬ ಪ್ರಶ್ನೆಯನ್ನು ರಿಚರ್ಡ್ ಈಟನ್ ಅವರು 2009ರ ಲೇಖನವೊಂದರಲ್ಲಿ ಹೊಸದಾಗಿ ಎತ್ತಿದ್ದಾರೆ. ಆದರೂ ಸೀವೆಲ್‌ನಲ್ಲಿ ಒಂದು ಗುಣವಿದೆ. ಪಾಯೆಸ್ ಮತ್ತು ನ್ಯೂನಿಜ್ ಎಂಬ ಪೋರ್ಚುಗೀಸರ ವೃತ್ತಾಂತಗಳನ್ನು ಅವನು ಇಡಿಯಾಗಿ ಅನುವಾದಿಸಿ ಪುಸ್ತಕದ ಕೊನೆಗೆ ಸೇರಿಸಿದ್ದಾನೆ. ರಾಯನ ಸೇನೆಯಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆಗಳಿದ್ದವೆಂಬ ನ್ಯೂನಿಜ್‌ನ ಲೆಕ್ಕವನ್ನು ಮುಂದಿಟ್ಟು, ಇಷ್ಟು ದೊಡ್ಡ ಸಂಖ್ಯೆ ಸಾಧ್ಯವೇ ಎಂದು ತಾನೇ ಚರ್ಚಿಸುತ್ತಾನೆ. ನ್ಯೂನಿಜ್ 1522 ಎಂದು ಕೊಟ್ಟ ವರ್ಷವನ್ನು ಪರಿಶೀಲಿಸಿ 1520 ಎಂದು ತಿದ್ದುತ್ತಾನೆ. ಫೆರಿಸ್ತಾ ಹೇಳುವ ಕಥೆ ಬೇರೆಯೆಂದು ಅದನ್ನೂ ಪಕ್ಕದಲ್ಲಿಡುತ್ತಾನೆ. ಅವನ ತೀರ್ಮಾನವನ್ನು ಒಪ್ಪದ ಓದುಗನಿಗೆ ಬೇಕಾದ ಸಾಮಗ್ರಿ ಅದೇ ರಟ್ಟಿನೊಳಗೆ, ಹೆಚ್ಚು ಕಠಿಣವಲ್ಲದ ಇಂಗ್ಲಿಷಿನಲ್ಲಿ, ಕೆಲವು ಪುಟಗಳ ಆಚೆಗೇ ಇದೆ.